ಹೊಲ ಬಿಡುವ ಹೊತ್ತಿಗೆ ಪಾರ್ಕ್ ತೆರೆಯುತ್ತೆ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿಟ್ಟರೆ ಕಡಕೊಳದ ಮನೆಮನೆಯಲ್ಲೂ ಮಕ್ಕಳದ್ದು ಒಂದೇ ವರಾತ: ‘ಈ ಸಲ ಎಲ್ಲಿಗೆ?’ ಮೊದಲೆಲ್ಲ ಅಜ್ಜಿ ಮನೆ ಅಂದರೆ ಸಾಕಿತ್ತು. ಈಗ ಮಕ್ಕಳ ಬಾಯಲ್ಲಿ ಪಾರ್ಕ್. ಒಂದೋ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್, ಇಲ್ಲದಿದ್ದರೆ ಬಿಡದಿ ಹತ್ತಿರದ ವಂಡರ್‌ಲಾ. ಇವೆರಡೇ ಅಲ್ಲ, ಸಣ್ಣಪುಟ್ಟ ನೀರಾಟದ ಪಾರ್ಕುಗಳೂ ಈಗ ಅಲ್ಲಲ್ಲಿ ಆಗಿವೆ. ನಾಲ್ಕು ಮನೆಯವರು ಸೇರಿ ದುಡ್ಡು ಹಾಕಿ ಒಂದು ಟಿಟಿ ಗಾಡಿ ಮಾಡಿಕೊಂಡು ಹೊರಟರೆ ಅದೇ ವರ್ಷದ ಟೂರ್.

ನಮ್ಮೂರು ಇರುವ ಜಾಗವೇ ಹಾಗಿದೆ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವವರು ನಮ್ಮೂರ ಮುಂದೆಯೇ ಹೋಗಬೇಕು. ಮೈಸೂರಿನ ಮಹಾರಾಜರು ಬೇಸಿಗೆಗೆ ಊಟಿಯ ಫರ್ನ್‌ಹಿಲ್ ಅರಮನೆಗೆ ಹೋಗುತ್ತಿದ್ದ ಕಾಲದಿಂದಲೂ ಬಿಸಿಲು ತಪ್ಪಿಸಿಕೊಳ್ಳುವವರ ದಾರಿ ಇದು. ಈಗ ಏಪ್ರಿಲ್, ಮೇ ಬಂತೆಂದರೆ ಕಾರುಗಳ ಸಾಲು ನಿಲ್ಲುವುದೇ ಇಲ್ಲ. ಜನ ಎಷ್ಟು ಹೆಚ್ಚಿದರು ಅಂದರೆ, ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿಗೆ ಹೋಗುವ ಗಾಡಿಗಳಿಗೆ ಇ-ಪಾಸ್ ಬೇಕಾಯಿತು. ಊಟಿಯಲ್ಲಿ ಎರಡು ದಿನ ರೂಮ್ ಮಾಡುವಷ್ಟು ಕೈಯಲ್ಲಿ ಇಲ್ಲದವರು ನಾವು. ನಮ್ಮಂಥವರಿಗೆ ಒಂದು ದಿನದ ಪಾರ್ಕೇ ಊಟಿ.

ಆ ಒಂದು ದಿನವನ್ನು ಬಿಸಿಲಿನಲ್ಲಿ ಹೇಗೆ ಕಳೆಯಬೇಕು ಅನ್ನುವುದು ಈ ಬರಹದ ವಿಷಯ. ಇದರಲ್ಲೇನಿದೆ ಅಂತ ಅನ್ನಿಸಬಹುದು. ಬಿಸಿಲು ನಮಗೆ ಹೊಸದಲ್ಲ. ಹೊಲದಲ್ಲಿ ಹುಟ್ಟಿ ಬೆಳೆದವರು ನಾವು. ಆದರೆ ಹೊಲದಲ್ಲಿ ನಾವು ಬಿಸಿಲಿನ ಜೊತೆ ಹೇಗಿರುತ್ತೇವೆ ಅಂತ ಸ್ವಲ್ಪ ನೆನೆಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಇಳಿದರೆ ಹನ್ನೊಂದರ ಹೊತ್ತಿಗೆ ಕೆಲಸ ಬಿಡುತ್ತೇವೆ. ಹೊಂಗೆ ಮರದ ಕೆಳಗೆ ಕೂತು ಅಂಬಲಿಯೋ ಮಜ್ಜಿಗೆಯೋ ಕುಡಿದು, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹಾಸಿ ಮಲಗುತ್ತೇವೆ. ಬಿಸಿಲು ಇಳಿದ ಮೇಲೆ, ಮೂರೂವರೆ ನಾಲ್ಕಕ್ಕೆ ಮತ್ತೆ ಕೈ ಹಚ್ಚುತ್ತೇವೆ. ಎತ್ತುಗಳನ್ನೂ ಆ ಹೊತ್ತಿನಲ್ಲಿ ಯಾರೂ ಹೂಡುವುದಿಲ್ಲ.

ಈಗ ಪಾರ್ಕಿನ ಹೊತ್ತು ನೋಡಿ. ಬಾಗಿಲು ತೆರೆಯುವುದು ಹತ್ತೂವರೆ, ಹನ್ನೊಂದಕ್ಕೆ. ಮುಚ್ಚುವುದು ಸಂಜೆ ಆರರ ಆಸುಪಾಸು. ನಾವು ಹೊಲ ಬಿಟ್ಟು ನೆರಳಿಗೆ ಬರುವ ಹೊತ್ತಿಗೆ ಅಲ್ಲಿ ಟಿಕೆಟ್ ಹರಿದು ಒಳಗೆ ಬಿಡುತ್ತಾರೆ. ಒಳಗೆ ಹೋದ ಮೇಲೆ ಮರದ ಕೆಳಗೆ ಮಲಗಲು ಮನಸ್ಸು ಒಪ್ಪುವುದಿಲ್ಲ. ಕೊಟ್ಟ ದುಡ್ಡು ವಸೂಲಾಗಬೇಕಲ್ಲ.

ಈ ‘ವಸೂಲಿ’ಯೇ ನಮ್ಮನ್ನು ಬಿಸಿಲಿಗೆ ನೂಕುವುದು. ಲೆಕ್ಕ ಹೀಗಿದೆ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡು ಉಳಿಯಿತು. ಕಡಕೊಳದಿಂದ ಮೈಸೂರಿಗೆ ಹೋಗಿಬರಲು ಅವರಿಗೆ ಖರ್ಚಿಲ್ಲ. ಆದರೆ ಪಾರ್ಕಿನ ಗೇಟಿನಲ್ಲಿ ಒಂದು ಕುಟುಂಬಕ್ಕೆ ಸಾವಿರಗಳ ಲೆಕ್ಕದಲ್ಲಿ ಹೋಗುತ್ತೆ. ಕೂಲಿ ಮಾಡುವ ಮನೆಗೆ ಅದು ವಾರದ ದುಡಿಮೆ. ಅಷ್ಟು ಕೊಟ್ಟು ಮಧ್ಯಾಹ್ನ ಮೂರು ಗಂಟೆ ಸುಮ್ಮನೆ ಕೂರುವುದು ಅಂದರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಎಲ್ಲ ಆಟವನ್ನೂ ಒಂದು ಸಲವಾದರೂ ಆಡಿಯೇ ತೀರಬೇಕು ಅಂತ ಮಕ್ಕಳನ್ನು ಎಳೆದುಕೊಂಡು ಸಾಲಿನಿಂದ ಸಾಲಿಗೆ ಓಡುತ್ತೇವೆ.

ಇನ್ನೊಂದು ವಿಷಯ. ಮೈಸೂರಿನವರಿಗೆ ಬಿಸಿಲೆಂದರೆ ಅದು ಬೇರೆಯವರ ಊರಿನದು ಅನ್ನುವ ಭಾವನೆ ಇದೆ. ನಾವು ಜಿಲ್ಲೆಯ ಸುದ್ದಿ ಬರೆದು ಕಳಿಸುವ ಸ್ಟ್ರಿಂಗರ್. ಬೇಸಿಗೆ ಬಂದರೆ ಇಲ್ಲಿಂದ ಹೋಗುವ ಸುದ್ದಿಗಳು ಯಾವುವು ಅಂತ ನಮಗೆ ಬಾಯಿಪಾಠ: ಎಳನೀರಿನ ಬೆಲೆ ಏರಿತು, ಕಲ್ಲಂಗಡಿ ಬಂತು, 1892ರಷ್ಟು ಹಳೆಯದಾದ ನಮ್ಮ ಮೃಗಾಲಯದಲ್ಲಿ ಆನೆಗಳಿಗೆ ನೀರು ಹಾರಿಸಿ ತಂಪು ಮಾಡುತ್ತಿದ್ದಾರೆ. ಮನುಷ್ಯರು ಬಿಸಿಲಿಗೆ ಬಿದ್ದ ಸುದ್ದಿ ಕಲಬುರಗಿ, ರಾಯಚೂರಿನ ಕಡೆಯಿಂದ ಬರುತ್ತೆ. ಅಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ನಮಗೆ ಅಂಥದ್ದೇನೂ ಇಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ ಶಾಖದ ಅಲೆ ಎಂದು ಘೋಷಿಸಬೇಕಾದರೆ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಜೊತೆಗೆ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಮೈಸೂರಿನಲ್ಲಿ ಏಪ್ರಿಲ್ ಹಗಲು ಸಾಮಾನ್ಯವಾಗಿ 34-35ರ ಆಸುಪಾಸು. ಹಾಗಾಗಿ ನಮಗೆ ಎಚ್ಚರಿಕೆಯ ಸಂದೇಶ ಬರುವುದು ಅಪರೂಪ. ಆದರೆ ಫೋನಿನಲ್ಲಿ ಕಾಣುವ 35 ಡಿಗ್ರಿ ನೆರಳಿನ ಲೆಕ್ಕ. ಇಲಾಖೆಯವರು ಥರ್ಮಾಮೀಟರನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ಬಿಸಿಲು ತಾಕದ ಹಾಗೆ ಇಟ್ಟು ಅಳೆಯುತ್ತಾರೆ. ಕಾದ ಸಿಮೆಂಟ್ ನೆಲದ ಮೇಲೆ, ನೆತ್ತಿಗೆ ನೇರ ಬಿಸಿಲು ಹೊಡೆಯುವ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮಗುವಿನ ಮೈಗೆ ತಗಲುವ ಶಾಖ ಆ 35 ಅಲ್ಲ. ಬರಿಗಾಲಲ್ಲಿ ಒಂದು ಆಟದಿಂದ ಇನ್ನೊಂದಕ್ಕೆ ಕುಣಿದುಕೊಂಡು ಓಡುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಅದು ಖುಷಿಯ ಕುಣಿತವಲ್ಲ, ಅಂಗಾಲು ಸುಡುತ್ತಿರುತ್ತೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಾವು ಹದಿನಾಲ್ಕು ಜನ ಒಂದು ಪಾರ್ಕಿಗೆ ಹೋಗಿದ್ದೆವು. ಯಾವ ಪಾರ್ಕ್ ಅನ್ನುವುದು ಇಲ್ಲಿ ಬೇಡ. ಹದಿನಾಲ್ಕರಲ್ಲಿ ಹದಿಮೂರು ಜನ ನೀರಿಗೆ ಇಳಿದರು. ಇಳಿಯದೆ ಉಳಿದವರು ನಮ್ಮ ದೊಡ್ಡವ್ವ. ವಯಸ್ಸು ಅರವತ್ತೈದು ದಾಟಿದೆ, ಬಿಪಿ ಇದೆ. ನೀರಿಗೆ ಇಳಿಯಲು ನೈಲಾನ್ ಬಟ್ಟೆಯೇ ಬೇಕು, ಸೀರೆ ಉಟ್ಟು ಇಳಿಯುವಂತಿಲ್ಲ. ಅವರಿಗೆ ಅದು ಆಗದ ಮಾತು.

‘ನಂಗೇನಾಯ್ತದೆ? ನೀವು ಹೋಗಿ ಆಡ್ಕಳಿ. ನಾನು ಬ್ಯಾಗ್ ನೋಡ್ಕತೀನಿ’ ಅಂದರು.

ನೀರಿನ ಪಕ್ಕದ ಕಲ್ಲುಬೆಂಚಿನ ಮೇಲೆ ಹದಿನಾಲ್ಕು ಜನರ ಚಪ್ಪಲಿ, ಬ್ಯಾಗು, ಫೋನುಗಳ ರಾಶಿ ಮಧ್ಯೆ ಕೂತರು. ಹನ್ನೊಂದೂವರೆಗೆ ಆ ಬೆಂಚಿಗೆ ನೆರಳಿತ್ತು. ಒಂದು ಗಂಟೆಗೆ ಇರಲಿಲ್ಲ. ಬ್ಯಾಗ್ ಬಿಟ್ಟು ಏಳುವ ಹಾಗಿಲ್ಲ ಅಂತ ಸೆರಗು ತಲೆಗೆ ಎಳೆದುಕೊಂಡು ಅಲ್ಲೇ ಕೂತಿದ್ದರು. ಕೈಯಲ್ಲೇ ಒಂದು ಬಾಟಲಿ ನೀರಿತ್ತು. ಅದರ ಮುಚ್ಚಳ ತೆಗೆದಿರಲಿಲ್ಲ.

ಒಂದೂಕಾಲಕ್ಕೆ ಮಗಳು ಹೋಗಿ ಮಾತಾಡಿಸಿದರೆ ದೊಡ್ಡವ್ವ ಸರಿಯಾಗಿ ಉತ್ತರ ಕೊಡಲಿಲ್ಲ. ಮುಖ ಕೆಂಪಗಾಗಿತ್ತು. ‘ತಲೆ ಸುತ್ತತದೆ ಕಣವ್ವ, ವಾಕರಿಕೆ ಬತ್ತದೆ’ ಅಂದವರು ಎದ್ದು ನಿಂತ ಕೂಡಲೇ ಬವಳಿ ಬಂದು ಕುಸಿದರು. ಅಲ್ಲಿನ ಪ್ರಥಮ ಚಿಕಿತ್ಸೆಯ ನರ್ಸ್ ಓಡಿ ಬಂದರು. ನೆರಳಿಗೆ ಎತ್ತಿಕೊಂಡು ಹೋಗಿ, ರವಿಕೆ ಸಡಿಲ ಮಾಡಿ, ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಇಬ್ಬರು ಗಾಳಿ ಬೀಸಿದರು. ಪೂರ್ತಿ ಎಚ್ಚರ ಬಂದ ಮೇಲೆ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದರು. ಅಲ್ಲಿಂದ ಆಸ್ಪತ್ರೆಗೆ ಹೋಗಿ ಒಂದು ಬಾಟಲಿ ಡ್ರಿಪ್ ಹಾಕಿಸಿಕೊಂಡು ರಾತ್ರಿ ಹತ್ತಕ್ಕೆ ಊರಿಗೆ ಬಂದೆವು.

ಮಾರನೇ ದಿನ ‘ಕೈಯಲ್ಲೇ ನೀರಿತ್ತಲ್ಲ, ಯಾಕೆ ಕುಡೀಲಿಲ್ಲ ದೊಡ್ಡವ್ವ?’ ಅಂತ ಕೇಳಿದೆವು. ‘ಕುಡಿದ್ರೆ ಒಂದಕ್ಕೆ ಬತ್ತದಲ್ಲ. ಅಷ್ಟು ದೂರ ಹೋಗ್ಬೇಕು. ಬ್ಯಾಗ್ ಯಾರು ನೋಡ್ಕತಾರೆ?’ ಅಂದರು.

ಆ ಮಾತು ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ. ಹೊಲದಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನಮ್ಮ ಹೆಂಗಸರು ನೀರು ಕುಡಿಯದೆ ಇರುವುದಕ್ಕೆ ಇದೇ ಕಾರಣ. ಟೂರ್ ಅಂದರೂ ಆ ಅಭ್ಯಾಸ ಅವರ ಜೊತೆಯಲ್ಲೇ ಬರುತ್ತೆ. ಪಾರ್ಕಿನಲ್ಲಿ ಬಿಸಿಲಿನ ಅಪಾಯ ಅಂದಾಗ ನಮ್ಮ ಕಣ್ಣು ಎತ್ತರದ ಜಾರುಬಂಡೆ, ತಿರುಗುವ ಚಕ್ರದ ಕಡೆ ಹೋಗುತ್ತೆ. ಹೆಚ್ಚು ಅಪಾಯ ಇರುವುದು ಏನೂ ಆಡದೆ ಬ್ಯಾಗ್ ಕಾಯುತ್ತ ಕೂತವರಿಗೆ.

ಯಾಕೆ ಅನ್ನುವುದನ್ನು ಸರಳವಾಗಿ ಹೇಳುತ್ತೇವೆ. ನಮ್ಮ ಮೈಯ ಶಾಖ 37 ಡಿಗ್ರಿ ಸುತ್ತಮುತ್ತ ಇರಬೇಕು. ಹೊರಗೆ ಕಾದಾಗ ಮೈ ಬೆವರುತ್ತೆ, ಬೆವರು ಗಾಳಿಗೆ ಆರುವಾಗ ಚರ್ಮ ತಂಪಾಗುತ್ತೆ. ಬೆವರಾಗಿ ಹೋದ ನೀರು ಮತ್ತು ಉಪ್ಪನ್ನು ಮತ್ತೆ ತುಂಬದಿದ್ದರೆ ಈ ಕೆಲಸ ಕೆಡುತ್ತೆ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು ಕಳೆಯುತ್ತವೆ. ಹಾಗಂತ ಮಾತ್ರೆ ಬಿಡಬೇಡಿ, ಹೊರಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ.

ನೀರಿಗೆ ಇಳಿದ ಮಕ್ಕಳ ಕಥೆ ಬೇರೆ. ನೀರಿನಲ್ಲೇ ಇದ್ದಾರಲ್ಲ, ಅವರಿಗೇನು ಬಿಸಿಲು ಅಂತ ಅಂದುಕೊಳ್ಳುತ್ತೇವೆ. ಮೈ ಒದ್ದೆ ಇದ್ದಾಗ ಬೆವರಿದ್ದು ಗೊತ್ತಾಗುವುದಿಲ್ಲ, ಬಾಯಾರಿದ್ದೂ ಗೊತ್ತಾಗುವುದಿಲ್ಲ. ಆಟದ ಗುಂಗಿನಲ್ಲಿ ಎರಡು ಮೂರು ಗಂಟೆ ಒಂದು ಗುಟುಕೂ ಕುಡಿಯದೆ ಇದ್ದುಬಿಡುತ್ತಾರೆ. ಮೈ ಮೇಲೆ ಬಿದ್ದ ನೀರು ಹೊಟ್ಟೆಗೆ ಹೋದ ನೀರಾಗುವುದಿಲ್ಲ. ಸಂಜೆ ಗಾಡಿಯಲ್ಲಿ ಮಕ್ಕಳು ತಲೆನೋವು ಅಂತ ಅಳುತ್ತ ವಾಂತಿ ಮಾಡಿದರೆ ಹೊರಗಿನ ತಿಂಡಿ ಆಗಲಿಲ್ಲ ಅನ್ನುತ್ತೇವೆ. ಹಲವು ಸಲ ಅದು ಬಿಸಿಲಿನದು.

ಆಡಿಸುವ ಹುಡುಗರ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಹಳ್ಳಿಯ ಹುಡುಗನೊಬ್ಬ ರಜೆಯಲ್ಲಿ ಒಂದು ಕಡೆ ಕಾರ್ಟೂನ್ ಗೊಂಬೆಯ ವೇಷ ಹಾಕುವ ಕೆಲಸ ಮಾಡುತ್ತಿದ್ದ. ದಪ್ಪ ಸ್ಪಂಜಿನ ವೇಷ, ಮುಖಕ್ಕೆ ಗಾಳಿ ಬರಲು ಬಾಯಿಯ ಹತ್ತಿರ ಒಂದು ಜಾಲರಿ. ‘ಒಳಗೆ ಕಣ್ಣಿಗೆ ಬೆವರು ಇಳಿದ್ರೆ ಒರೆಸ್ಕೊಳಕ್ಕೂ ಆಗಲ್ಲ ಅಣ್ಣ’ ಅಂತ ಹೇಳಿದ್ದ. ಅರ್ಧ ಗಂಟೆಗೊಮ್ಮೆ ವೇಷ ಬಿಚ್ಚಬಹುದು ಅಂತ ಹೇಳಿದ್ದರಂತೆ. ಜನ ಸೆಲ್ಫಿಗೆ ಹಿಡಿದುಕೊಂಡರೆ ಅರ್ಧ ಗಂಟೆ ಒಂದು ಗಂಟೆಯಾಗುತ್ತಿತ್ತು. ದುಬೈ ಇರುವ ಯುಎಇ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅನ್ನುವ ನಿಯಮವಿದೆ. ಅಂಥ ನಿಯಮ ನಮ್ಮ ಕಡೆ ಬರುವವರೆಗೆ ನಾವು ಮಾಡಬಹುದಾದ್ದು ಇಷ್ಟು: ಮಧ್ಯಾಹ್ನದ ಹೊತ್ತಿನಲ್ಲಿ ಗೊಂಬೆ ಕಂಡರೆ ಹಿಡಿದು ನಿಲ್ಲಿಸಬೇಡಿ, ಒಳಗೆ ಹೋಗಲು ಬಿಡಿ. ಒಳಗಿರುವವನು ನಮ್ಮ ಪಕ್ಕದೂರಿನ ಹುಡುಗನೇ ಇರಬಹುದು.

ನಮ್ಮ ಜನಕ್ಕೆ ಬಿಸಿಲು, ಜನಜಂಗುಳಿ ಎರಡೂ ಸೇರಿದ ದಿನವನ್ನು ನಡೆಸಲು ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತೆ. ನಂಜನಗೂಡಿನ ದೊಡ್ಡ ಜಾತ್ರೆ ನೋಡಿ. ಬೇಸಿಗೆಯ ಬಿಸಿಲಿನಲ್ಲೇ ಐದು ತೇರು ಎಳೆಯುತ್ತಾರೆ. ಆದರೆ ತೇರು ಎಳೆಯುವುದು ಬೆಳಗಿನ ಜಾವದಿಂದ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರು ನಿಂತಿರುತ್ತಾರೆ. ಅರವಟ್ಟಿಗೆ ಇಡುವುದನ್ನು ಪುಣ್ಯದ ಕೆಲಸ ಅಂತ ಹಿರಿಯರು ಮಾಡಿಟ್ಟಿದ್ದಾರೆ. ಪಾನಕದಲ್ಲಿ ಬೆಲ್ಲ, ಮಜ್ಜಿಗೆಯಲ್ಲಿ ಉಪ್ಪು. ಬೆವರಿದ ಮೈಗೆ ಬೇಕಾದ್ದೂ ಅದೇ. ಈ ತಿಳಿವಳಿಕೆಯನ್ನು ಪಾರ್ಕಿನ ಗೇಟಿನ ಹೊರಗೆ ಬಿಟ್ಟು ಹೋಗುವುದು ಬೇಡ.

ಕಳೆದ ವರ್ಷ ನಾವು ಹೊಲದ ಹೊತ್ತನ್ನೇ ಹಿಡಿದು ಪಾರ್ಕಿನ ದಿನ ಕಳೆದೆವು. ಅದು ಹೀಗಿತ್ತು.

ಹೊರಡುವ ಹಿಂದಿನ ದಿನ ಪಾರ್ಕಿಗೆ ಫೋನ್ ಮಾಡಿ ಮೂರು ವಿಷಯ ಕೇಳಿದೆವು. ನೀರಿನ ಬಾಟಲಿ ಒಳಗೆ ಬಿಡುತ್ತೀರಾ? ಕುಡಿಯುವ ನೀರಿನ ನಲ್ಲಿ ಎಲ್ಲೆಲ್ಲಿದೆ? ವಯಸ್ಸಾದವರು ಕೂರಲು ಚಾವಣಿ ಇರುವ ಜಾಗ ಯಾವುದು? ಹೊರಗಿನ ಊಟ ಒಳಗೆ ಬಿಡದ ನಿಯಮ ಬಹಳ ಕಡೆ ಇದೆ. ನೀರು, ಮಗುವಿನ ಆಹಾರ, ಔಷಧಿಯ ವಿಷಯ ಒಂದೊಂದು ಕಡೆ ಒಂದೊಂದು ಥರ. ಮೊದಲೇ ಕೇಳಿದರೆ ಗೇಟಿನಲ್ಲಿ ಜಗಳ ಇರುವುದಿಲ್ಲ.

ಬೆಳಿಗ್ಗೆ ಹೊರಡುವ ಮುಂಚೆ ಎಲ್ಲರಿಗೂ ಮಜ್ಜಿಗೆ. ಗೇಟ್ ತೆರೆದ ಕೂಡಲೇ, ಬಿಸಿಲಿನಲ್ಲಿ ಸಾಲು ನಿಲ್ಲಬೇಕಾದ ದೊಡ್ಡ ಆಟಗಳನ್ನು ಮೊದಲು ಮುಗಿಸಿದೆವು. ಹನ್ನೆರಡೂವರೆಗೆ ಎಲ್ಲರೂ ನೆರಳಿಗೆ. ಊಟ, ಒಳಗೆ ಕೂತು ನೋಡುವ ಆಟ, ಚಾವಣಿ ಕೆಳಗೆ ಒಂದು ನಿದ್ದೆ. ಮಕ್ಕಳು ಮೊದಲು ಗೊಣಗಿದರು, ಆಮೇಲೆ ಅವರೇ ಮೊದಲು ಮಲಗಿದರು. ಮೂರೂವರೆಯಿಂದ ಮುಚ್ಚುವವರೆಗೆ ನೀರಾಟ. ಆ ಹೊತ್ತಿಗೆ ಮಧ್ಯಾಹ್ನವೆಲ್ಲ ಒಣಗಿದವರು ಸುಸ್ತಾಗಿ ಹೊರಡುತ್ತಿದ್ದರು, ಸಾಲುಗಳೂ ಸಣ್ಣದಾಗಿದ್ದವು. ದುಡ್ಡು ವಸೂಲಾಯಿತೇ ಅಂದರೆ, ಹಿಂದಿನ ಸಲಕ್ಕಿಂತ ಎರಡು ಆಟ ಹೆಚ್ಚೇ ಆಡಿದೆವು.

ಬ್ಯಾಗ್‌ಗಳಿಗೆ ಲಾಕರ್ ಬಾಡಿಗೆಗೆ ತೆಗೆದುಕೊಂಡೆವು. ಉಳಿದ ಸಾಮಾನು ಕಾಯಲು ಸರದಿ ಹಾಕಿದೆವು, ಒಬ್ಬರಿಗೆ ಅರ್ಧ ಗಂಟೆ. ಗಂಡಸರಿಗೂ ಸರದಿ. ಅರ್ಧ ಗಂಟೆಗೊಮ್ಮೆ ಎಲ್ಲರೂ ನೀರು ಕುಡಿಯಬೇಕು, ಬಾಯಾರಲಿ ಬಿಡಲಿ. ಹೆಂಗಸರು ಇಬ್ಬಿಬ್ಬರು ಜೊತೆಯಾಗಿ ಶೌಚಾಲಯಕ್ಕೆ ಹೋಗಿಬರುವುದು. ಒಬ್ಬರೇ ಹೋಗಲು ಹಿಂಜರಿಯುವವರೂ ಜೊತೆ ಸಿಕ್ಕರೆ ಹೋಗುತ್ತಾರೆ, ಆಗ ನೀರೂ ಕುಡಿಯುತ್ತಾರೆ. ಮೂತ್ರ ಗಾಢ ಹಳದಿ ಇದ್ದರೆ ಕುಡಿದ ನೀರು ಸಾಲದು ಅಂತ ಲೆಕ್ಕ.

ಓಆರ್‌ಎಸ್ ಪ್ಯಾಕೆಟ್ ಜೊತೆಗಿರಲಿ, ಅದರ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯಲ್ಲಿ ಓಆರ್‌ಎಸ್ ಅನ್ನುವ ಹೆಸರಿನಲ್ಲಿ ಬರೀ ಸಿಹಿ ಪಾನೀಯವೂ ಮಾರಾಟವಾಗುತ್ತಿತ್ತು. ಹಾಗೆ ಹೆಸರು ಬಳಸಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿದೆ. ಆದರೂ ಪ್ಯಾಕೆಟ್ ಓದಿ ಕೊಳ್ಳಿ. ಗಾಡಿ ಬಿಸಿಲಿನಲ್ಲಿ ನಿಂತಿದ್ದರೆ ನಿದ್ದೆ ಬಂದ ಮಗುವನ್ನು ಅದರೊಳಗೆ ಮಲಗಿಸಬೇಡಿ. ಮುಚ್ಚಿದ ಗಾಡಿ ಹತ್ತೇ ನಿಮಿಷದಲ್ಲಿ ವಿಪರೀತ ಕಾಯುತ್ತೆ.

ಇದನ್ನು ಎಲ್ಲರೂ ತಿಳಿದಿರಬೇಕು. ತಲೆನೋವು, ವಾಕರಿಕೆ, ಕಾಲು ಸೆಳೆತ, ವಿಪರೀತ ಬೆವರು ಕಂಡರೆ ಅದು ಮೊದಲ ಎಚ್ಚರಿಕೆ. ಕೂಡಲೇ ನೆರಳು, ನೀರು, ವಿಶ್ರಾಂತಿ. ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ, ಮೈ ಕೆಂಡದ ಹಾಗೆ ಸುಟ್ಟರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ, ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ನಿಲ್ಲದೆ ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಹಾಕಿ, ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯನ್ನೂ ಕೊಡಬೇಡಿ, ಈ ಶಾಖಕ್ಕೆ ಅದು ಕೆಲಸ ಮಾಡುವುದಿಲ್ಲ.

ಈ ವರ್ಷವೂ ಮೇ ಮೊದಲ ವಾರ ಹೊರಡುವ ಮಾತು ನಡೆದಿದೆ. ಕಳೆದ ವರ್ಷ ದೊಡ್ಡವ್ವ ‘ನಾನ್ ಒಲ್ಲೆ’ ಅಂತ ಮನೆಯಲ್ಲೇ ಉಳಿದಿದ್ದರು. ಈ ಸಲ ಮೊಮ್ಮಕ್ಕಳು ಬಿಡುತ್ತಿಲ್ಲ. ‘ನೆಳ್ಳು ಇರೋ ಕಡೆ ಆದ್ರೆ ಬತ್ತೀನಿ, ಬ್ಯಾಗ್ ಮಾತ್ರ ಕಾಯಕಿಲ್ಲ’ ಅಂದಿದ್ದಾರೆ. ಯಾವ ಪಾರ್ಕಿನಲ್ಲಿ ಒಳ್ಳೆಯ ನೆರಳಿದೆ ಅಂತ ನಾವು ಫೋನ್ ಮಾಡಿ ಕೇಳುತ್ತಿದ್ದೇವೆ. ನೀವೂ ಹೊರಡುವ ಮುಂಚೆ ಕೇಳಿ. ಎಲ್ಲರೂ ಕೇಳತೊಡಗಿದರೆ ಇನ್ನೊಂದು ಜಾರುಬಂಡೆ ಕಟ್ಟುವ ಮುಂಚೆ ಅವರೂ ನಾಲ್ಕು ಹೊಂಗೆ ಗಿಡ ನೆಟ್ಟಾರು.